ಮೊದಲು ಒತ್ತಕ್ಷರ, ಆಮೇಲೆ ಉಳಿದದ್ದು

ಮುಂಬೈಯ ಮಾಟುಂಗಾದಲ್ಲಿ ಬೋರ್ಡ್ ಬರೆಯುತ್ತಿದ್ದ ಒಬ್ಬ ಮರಾಠಿ ಪೇಂಟರ್ ಹತ್ತಿರ ನಾನು ಬ್ರಷ್ ಹಿಡಿಯಲು ಕಲಿತೆ. ಉಡುಪಿ ಹೋಟೆಲ್‌ನವರು ಕನ್ನಡ ಬೋರ್ಡ್ ಕೇಳಿದಾಗ ಆ ಪೇಂಟರ್ ನನ್ನನ್ನೇ ಏಣಿ ಹತ್ತಿಸುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಮ್ಮಿಯಾಯಿತು. ಲೋಗೊ ಮಾಡುತ್ತಾ ಮಾಡುತ್ತಾ ಡಿಸೈನ್ ಕಾಲೇಜಿನಲ್ಲಿ ಪಾಠ ಹೇಳಲು ಬಂದೆ.

ನನ್ನ ತರಗತಿಯಲ್ಲಿ ಕನ್ನಡ ಓದಲು ಬರುವವರು ಒಬ್ಬಿಬ್ಬರಿದ್ದರೆ ಜಾಸ್ತಿ. ಆದರೂ ಎಲ್ಲರಿಂದಲೂ ಕನ್ನಡ ಅಕ್ಷರ ಬರೆಸುತ್ತೇನೆ. ವಿಂಡೋಸ್‌ನ ಕನ್ನಡ ಫಾಂಟ್ ತುಂಗಾವನ್ನು ರೂಪಿಸಿದವರಲ್ಲಿ ಮುಖ್ಯರು ಇದೇ ಮುಂಬೈಯ ಆರ್.ಕೆ. ಜೋಶಿ. ಅವರು ಮರಾಠಿ ಕವಿ, ಐಐಟಿಯ ಡಿಸೈನ್ ವಿಭಾಗವಾದ ಐಡಿಸಿಯಲ್ಲಿ ಮೇಷ್ಟ್ರಾಗಿದ್ದವರು. ಇಷ್ಟು ಹೇಳಿದರೆ ಹುಡುಗರ ಹಿಂಜರಿಕೆ ಹೋಗುತ್ತದೆ.

ದೇವನಾಗರಿಗೆ ಪಳಗಿದ ಕೈಗೆ ಕನ್ನಡ ತೊಡಕೇ. ಅಲ್ಲಿ ಅಕ್ಷರಗಳು ಮೇಲಿನ ಗೆರೆಗೆ ಜೋತುಬಿದ್ದಿರುತ್ತವೆ. ಇಲ್ಲಿ ಒಂದೊಂದಕ್ಕೂ ಅದರದೇ ತಲೆಕಟ್ಟು; ಜ, ಣ, ಬ, ಲಗಳಿಗೆ ಅದೂ ಇಲ್ಲ. ಹುಡುಗರು ಸುಮ್ನೆ ತಲೆಕಟ್ಟುಗಳನ್ನೆಲ್ಲ ಒಂದೇ ಗೆರೆಗೆ ಸೇರಿಸಲು ಹೋಗುತ್ತಾರೆ. "ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ನೋಡಿ" ಅನ್ನುತ್ತೇನೆ. ಅದು ಸಮವಾಗಿ ಕಂಡರೆ ಸಾಲು ತಾನಾಗಿಯೇ ನಿಲ್ಲುತ್ತದೆ.

ನಾನು ಹೆಸರಿನ ಮೊದಲ ಅಕ್ಷರದಿಂದ ಶುರು ಮಾಡುವುದೇ ಇಲ್ಲ. 'ಲಕ್ಷ್ಮೀ' ಬರೆಯಬೇಕಾದರೆ ಮೊದಲು 'ಕ್ಷ್ಮೀ'. ಒತ್ತುಗಳಿಗೆ ಕೆಳಗೆ ಎಷ್ಟು ಜಾಗ ಬೇಕು ಅಂತ ಗುರುತು ಹಾಕಿ, ಆಮೇಲೆ ಅಕ್ಷರದ ಎತ್ತರ ಹಿಡಿಯುತ್ತೇನೆ. ಎತ್ತರ ಮೊದಲೇ ಗಟ್ಟಿಯಾದರೆ ಒತ್ತು ಮುದುಡಿಕೊಳ್ಳುತ್ತದೆ. ರಸ್ತೆಯ ಆಚೆ ಬದಿಯಿಂದ ಓದಲು ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ದೊಡ್ಡ ಅಕ್ಷರವನ್ನೇ ಕುಗ್ಗಿಸಿ ಒತ್ತು ಮಾಡುವವರಿದ್ದಾರೆ. ಆಗ ಗೆರೆ ತೀರಾ ಸಣಕಲಾಗುತ್ತದೆ. ಮೇಲಿನ ಅಕ್ಷರದಷ್ಟೇ ದಪ್ಪ ಇಟ್ಟರೆ ಒಳಗೆಲ್ಲ ತುಂಬಿಹೋಗುತ್ತದೆ. ಎರಡರ ನಡುವಿನ ದಪ್ಪವನ್ನು ಕಣ್ಣಿಂದಲೇ ಹುಡುಕಬೇಕು. ಅದಕ್ಕೇ ಒತ್ತುಗಳನ್ನು ಬೇರೆಯಾಗಿ ಕೈಯಲ್ಲೇ ಬರೆಸುತ್ತೇನೆ.

ಅಂಗಡಿಗಳ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಮಹಾರಾಷ್ಟ್ರದ ಸಣ್ಣ ಅಂಗಡಿಗಳಿಗೂ ಮರಾಠಿ ಬೋರ್ಡ್ ಕಡ್ಡಾಯ. ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಿರಬಾರದು. "ಜಾಗ ಸಾಲಲ್ಲ, ಕನ್ನಡ ಬಿಟ್ಬಿಡೋಣ ಮಾರಾಯ್ರೇ" ಅನ್ನುವ ಮಾಲೀಕರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ದೇವನಾಗರಿಯನ್ನು ಮೇಲಿಟ್ಟು, ಕನ್ನಡವನ್ನು ಕೆಳಗಿಟ್ಟು ತೋರಿಸುತ್ತೇನೆ. ಕನ್ನಡದ ಗೆರೆ ತುಸು ತೆಳು ಮಾಡಿ, ಬೋರ್ಡಿನ ಕೆಳ ಅಂಚಿನಲ್ಲಿ ಒತ್ತುಗಳಿಗೆ ಧಾರಾಳ ಜಾಗ ಬಿಡುತ್ತೇನೆ. ಎರಡು ಲಿಪಿಯೂ ಚೆನ್ನಾಗಿ ಕೂರುತ್ತವೆ.