ಆನ್‌ಲೈನ್‌ನಲ್ಲಿ ಕೊಳ್ಳಲು ಜನ ಯಾಕೆ ಹಿಂಜರಿಯುತ್ತಾರೆ: ಚಪ್ಪಲಿ ಮಾರುತ್ತಾ ನಾನು ಕಂಡದ್ದು

ಚಪ್ಪಲಿ, ಶೂಗಳನ್ನು ಆನ್‌ಲೈನ್‌ನಲ್ಲಿ ಮಾರುವುದು ನನ್ನ ಕೆಲಸ. ದೊಡ್ಡ ಕಂಪನಿ ಏನಲ್ಲ, ಕೆಲವೇ ಜನರ ತಂಡ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಫೋನಿನಲ್ಲಿ ಏನನ್ನಾದರೂ ಕೊಳ್ಳುವುದು ಹೊಸದು. ಇಂಥ ಜನರ ನಡುವೆ ಆನ್‌ಲೈನ್ ಅಂಗಡಿ ತೆರೆಯಲು ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಜನ ಬರುತ್ತಾರೆ, ನೋಡುತ್ತಾರೆ, ಕಾರ್ಟಿಗೂ ಹಾಕುತ್ತಾರೆ, ಆಮೇಲೆ ಅಲ್ಲೇ ಬಿಟ್ಟು ಹೋಗುತ್ತಾರೆ, ಯಾಕೆ?

ಎಲ್ಲರೂ ಹೇಳುವ ಕಾರಣಗಳು ಗೊತ್ತಿರುವವೇ. ನೆಟ್‌ವರ್ಕ್ ಸರಿ ಇಲ್ಲ, ಕಾರ್ಡ್ ಇಲ್ಲ, ಆ್ಯಪ್ ಅರ್ಥ ಆಗಲ್ಲ, ತಮ್ಮ ಭಾಷೆಯಲ್ಲಿ ಇಲ್ಲ. ಇದ್ಯಾವುದೂ ಸುಳ್ಳಲ್ಲ. ಆದರೆ ಒಳ್ಳೆ ಫೋನ್ ಇದ್ದು, ದಿನವಿಡೀ ವಿಡಿಯೋ ನೋಡುತ್ತಾ, ಮಕ್ಕಳಿಗೆ ಮೊಬೈಲಿನಲ್ಲೇ ದುಡ್ಡು ಕಳಿಸುವವರೂ ನಮ್ಮ ಕೊನೇ ಪುಟದಲ್ಲಿ ನಿಂತುಬಿಡುತ್ತಿದ್ದರು. ಅವರಿಗೆ ನಾನೇ ಫೋನ್ ಮಾಡಿ ಮಾತಾಡಿಸಿದೆ. ಮಾರುವುದಕ್ಕಲ್ಲ, ಸುಮ್ನೆ ಕೇಳುವುದಕ್ಕೆ. ಒಬ್ಬ ಹಿರಿಯರು ಹೇಳಿದ ಮಾತು ನನಗೆ ಎಲ್ಲವನ್ನೂ ಬಿಡಿಸಿ ತೋರಿಸಿತು: "ಅಲ್ಲಮ್ಮಾ, ಸೈಜು ಸರಿಬರದಿದ್ರೆ ನಿನ್ನನ್ನ ಎಲ್ಲಿ ಅಂತ ಹುಡುಕಲಿ?"

ಬೇರೆ ಬೇರೆ ಮಾತಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದು ಇದನ್ನೇ. ಕೊಳ್ಳಲು ಬರುವುದಿಲ್ಲ ಅಂತಲ್ಲ. ಕೊಂಡ ಮೇಲೆ ಎಡವಟ್ಟಾದರೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಿಲ್ಲ. ಅಂಗಡಿಯಲ್ಲಾದರೆ ಮರುದಿನ ಹೋಗಿ ಜಗಳ ಮಾಡಬಹುದು. ಇಲ್ಲಿ ಜಗಳ ಮಾಡುವುದಕ್ಕೂ ಒಂದು ಮುಖ ಇಲ್ಲ.

ಈ ವಿಷಯದ ಮೇಲೆ ಬರುವ ಅಧ್ಯಯನಗಳಲ್ಲಿ ಎರಡು ಹಳೇ ವಿಚಾರಗಳು ಪದೇ ಪದೇ ಸಿಗುತ್ತವೆ. ಒಂದು ಫ್ರೆಡ್ ಡೇವಿಸ್ ಅನ್ನುವ ಸಂಶೋಧಕರು 1989ರಲ್ಲಿ ಮುಂದಿಟ್ಟದ್ದು: ಹೊಸ ತಂತ್ರಜ್ಞಾನ ಉಪಯೋಗಕ್ಕೆ ಬರುತ್ತದೆ ಅನ್ನಿಸಬೇಕು, ಬಳಸಲು ಸುಲಭ ಅನ್ನಿಸಬೇಕು, ಆಗ ಜನ ಒಪ್ಪಿಕೊಳ್ಳುತ್ತಾರೆ. ಇನ್ನೊಂದು ರೇಮಂಡ್ ಬೌವರ್ ಅನ್ನುವ ಸಂಶೋಧಕರು 1960ರಲ್ಲೇ ಹೇಳಿದ್ದು: ಕೊಳ್ಳುವುದು ಅಂದರೆ ಒಂದು ಅಪಾಯವನ್ನು ಮೈಮೇಲೆ ಹಾಕಿಕೊಳ್ಳುವುದು. ನನ್ನ ಅನುಭವದಲ್ಲಿ ಬೌವರ್ ಮಾತಿಗೇ ತೂಕ ಜಾಸ್ತಿ. ಡೇವಿಸ್ ನೋಡಿದ್ದು ಕೆಲಸಕ್ಕೆ ಕಂಪ್ಯೂಟರ್ ಬಳಸುವವರನ್ನು. ಅಲ್ಲಿ ಪ್ರೋಗ್ರಾಂ ಕೈಕೊಟ್ಟರೆ ಬಳಸುವವರ ಜೇಬಿನಿಂದ ಏನೂ ಹೋಗುವುದಿಲ್ಲ. ನಮ್ಮ ಗಿರಾಕಿಗೆ ಹಾಗಲ್ಲ. ಆ ತಿಂಗಳು ಒಂದೇ ಜೊತೆ ಕೊಳ್ಳಲು ಆಗುವವರಿಗೆ ಆ ಒಂದು ಜೊತೆ ಕೆಟ್ಟದಾದರೆ ತಿಂಗಳಿಡೀ ಕಾಲಿಗೆ ಬೇರೆ ಇಲ್ಲ. ಆ್ಯಪನ್ನು ಎಷ್ಟೇ ಚಂದ ಮಾಡಿದರೂ ಈ ಹೆದರಿಕೆ ಹೋಗುವುದಿಲ್ಲ.

ಆದ್ದರಿಂದ ನಾವು ಮೊದಲು ಕೈಹಾಕಿದ್ದು ರಿಟರ್ನ್ ವಿಷಯಕ್ಕೆ. ವಾಪಸ್ ಕೊಡುವ ನಿಯಮ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿತ್ತು, ಎಲ್ಲ ಕಡೆ ಇರುವಂತೆ. ಅದನ್ನು ಎತ್ತಿ ಕೊಳ್ಳುವ ಬಟನ್‌ನ ಪಕ್ಕಕ್ಕೆ ತಂದೆವು. ವಾಪಸ್ ಕೊಡಲು ಎಷ್ಟು ದಿನ ಇದೆ, ಕೊರಿಯರ್ ಖರ್ಚು ಯಾರದ್ದು, ದುಡ್ಡು ಎಲ್ಲಿಗೆ ಬರುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನೇ ಮಾತಾಡುವ ಭಾಷೆಯಲ್ಲಿ ಬರೆದೆವು. ಕೆಲವು ಕಡೆ ಕಾನೂನೇ ಇದನ್ನು ಗಿರಾಕಿಗೆ ಕೊಟ್ಟಿದೆ. ಯುರೋಪ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಹೆಚ್ಚಿನ ವಸ್ತುಗಳನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಚೀನಾದಲ್ಲಿ 2014ರ ಮಾರ್ಚ್‌ನಿಂದ ಇಂಥದ್ದೇ 7 ದಿನದ ಹಕ್ಕು ಇದೆ. ಕಾನೂನು ಇಲ್ಲದ ಕಡೆ ಮಾರುವವರೇ ಇದನ್ನು ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ವಸ್ತು ಒಳ್ಳೆಯದೋ ಕೆಟ್ಟದೋ ಅಂತ ಮಾರುವವರಿಗೆ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವವರೇ ಹೊಣೆ ಹೊರುವುದು ನ್ಯಾಯ, ಅಲ್ವಾ?

ರೀಫಂಡ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ವಾಪಸ್ ಬಂದ ಪಾರ್ಸೆಲ್ ನಮ್ಮ ಗೋದಾಮಿಗೆ ತಲುಪಿ, ಅದನ್ನು ಬಿಚ್ಚಿ ನೋಡಿ, ಆಮೇಲೆ ದುಡ್ಡು ಕಳಿಸುವುದು ವಾಡಿಕೆ. ನಾವು ಹಾಗೆ ಮಾಡುವುದನ್ನು ಬಿಟ್ಟೆವು. ಕೊರಿಯರ್‌ನವರು ಗಿರಾಕಿಯ ಮನೆಯಿಂದ ಪಾರ್ಸೆಲ್ ಎತ್ತಿಕೊಂಡ ಕೂಡಲೇ ದುಡ್ಡು ವಾಪಸ್ ಹಾಕಿಬಿಡುತ್ತೇವೆ. ಇದರಲ್ಲಿ ಮೋಸ ಮಾಡುವವರು ಇದ್ದಾರೆ, ಹಳೇ ಚಪ್ಪಲಿ ತುಂಬಿ ಕಳಿಸಿದವರನ್ನೂ ನೋಡಿದ್ದೇನೆ. ಆದರೂ ಬಿಡಲಿಲ್ಲ. ಒಮ್ಮೆ ವಾಪಸ್ ಕೊಟ್ಟು ದುಡ್ಡು ಸರಿಯಾಗಿ ಪಡೆದವರಿಗೆ ನಮ್ಮ ಮೇಲೆ ಇರುವ ನಂಬಿಕೆ, ಒಮ್ಮೆಯೂ ವಾಪಸ್ ಕೊಡದವರಿಗಿಂತ ಹೆಚ್ಚು. ಮುಂದಿನ ಸಲ ಮುಂಗಡ ದುಡ್ಡು ಕೊಡುವವರು ಅವರೇ.

ಈಗ ಕ್ಯಾಶ್ ಆನ್ ಡೆಲಿವರಿಗೆ ಬರುತ್ತೇನೆ. ಇದನ್ನು ಹಿಂದುಳಿದವರ ಅಭ್ಯಾಸ ಅನ್ನುವ ಹಾಗೆ ಮಾತಾಡುವುದನ್ನು ಕೇಳಿದರೆ ನನಗೆ ಬೇಸರವಾಗುತ್ತದೆ. ವಸ್ತು ಕಣ್ಣಿಗೆ ಬಿದ್ದ ಮೇಲೆ ದುಡ್ಡು ಕೊಡುತ್ತೇನೆ ಅನ್ನುವುದು ಬುದ್ಧಿವಂತರ ಮಾತು. ಭಾರತದಲ್ಲಿ ಫ್ಲಿಪ್‌ಕಾರ್ಟ್ 2010ರಲ್ಲಿ ಇದನ್ನು ಶುರುಮಾಡಿತು, ಅಲ್ಲಿಂದ ಆನ್‌ಲೈನ್ ಖರೀದಿಗೆ ಹೊಸ ಜನ ಬಂದರು. ಚೀನಾದಲ್ಲಿ ಟಾವೊಬಾವೊ ಅನ್ನುವ ಆನ್‌ಲೈನ್ ಮಾರುಕಟ್ಟೆಗಾಗಿ 2004ರಲ್ಲಿ ಬಂದ ಅಲಿಪೇ ಅನ್ನುವ ದುಡ್ಡು ಕಟ್ಟುವ ಸೇವೆ ಇದೇ ಹೆದರಿಕೆಗೆ ಇನ್ನೊಂದು ದಾರಿ ಹುಡುಕಿತು. ಗಿರಾಕಿ ಮೊದಲೇ ದುಡ್ಡು ಕೊಡುತ್ತಾರೆ, ಆದರೆ ಅದು ಮಾರುವವರ ಕೈಗೆ ಹೋಗುವುದಿಲ್ಲ. ಮಧ್ಯದಲ್ಲಿ ನಿಲ್ಲುತ್ತದೆ. ವಸ್ತು ಬಂತು, ಸರಿ ಇದೆ ಅಂತ ಗಿರಾಕಿ ಹೇಳಿದ ಮೇಲೆ ಬಿಡುಗಡೆ. ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕ: ನೋಡುವ ತನಕ ದುಡ್ಡಿನ ಮೇಲೆ ಹಿಡಿತ ಗಿರಾಕಿಯದ್ದೇ.

ದುಡ್ಡು ಕಟ್ಟುವ ದಾರಿ ಇಲ್ಲದಿರುವುದು ಬೇರೆ, ನಂಬಿಕೆ ಇಲ್ಲದಿರುವುದು ಬೇರೆ. ಇವೆರಡನ್ನೂ ಕಲಸಬಾರದು. ಬ್ರೆಜಿಲ್‌ನಲ್ಲಿ ಬೊಲೆಟೊ ಅನ್ನುವ ಚೀಟಿ ಹಿಡಿದು ಬ್ಯಾಂಕಿನಲ್ಲಿ ನಗದು ಕಟ್ಟಿ ಆನ್‌ಲೈನ್ ಆರ್ಡರ್ ಮುಗಿಸಬಹುದು. ಮೆಕ್ಸಿಕೊದಲ್ಲಿ ಆಕ್ಸೊ ಅಂಗಡಿಗಳಲ್ಲಿ ಹಾಗೇ ಕಟ್ಟುತ್ತಾರೆ. ಕೀನ್ಯಾದಲ್ಲಿ 2007ರಿಂದ ಎಂ-ಪೆಸಾ ಇದೆ, ಬ್ಯಾಂಕ್ ಖಾತೆ ಇಲ್ಲದವರೂ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ. ಇವೆಲ್ಲ ಕಾರ್ಡ್ ಇಲ್ಲದವರ ತೊಂದರೆಯನ್ನು ಚೆನ್ನಾಗಿ ಬಗೆಹರಿಸಿದವು. ಆದರೆ ವಸ್ತು ನೋಡದೆ ಮೊದಲೇ ಕಟ್ಟುವ ಅಳುಕನ್ನು ಇವು ತೆಗೆಯುವುದಿಲ್ಲ. ಹೊಸ ಪೇಮೆಂಟ್ ಬಟನ್ ಸೇರಿಸಿದರೆ ಸಾಕು, ಕ್ಯಾಶ್ ಆನ್ ಡೆಲಿವರಿ ತಾನಾಗಿ ಕಡಿಮೆಯಾಗುತ್ತದೆ ಅಂದುಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಹಾಗಂತ ಕ್ಯಾಶ್ ಆನ್ ಡೆಲಿವರಿ ಮಾರುವವರಿಗೆ ಸುಲಭವಲ್ಲ. ಬೇಡ ಅಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮದೇ. ಅಷ್ಟು ದಿನ ಆ ಸೈಜು ದಾರಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಬೇರೆಯವರಿಗೆ ಮಾರಲಾಗದು. ನಾವು ಮಾಡಿದ್ದು ಇಷ್ಟೇ: ಕಳಿಸುವ ಮೊದಲು ಫೋನ್. ಸೈಜು ಇದೇನಾ, ಪಾರ್ಸೆಲ್ ಬಂದಾಗ ಮನೆಯಲ್ಲಿ ಯಾರಿರುತ್ತಾರೆ, ದುಡ್ಡು ಅವರ ಹತ್ತಿರ ಇರುತ್ತದಾ. ಫೋನ್ ಮಾಡುವವರು ತಮ್ಮ ಹೆಸರು ಹೇಳುತ್ತಾರೆ, ಸಮಸ್ಯೆ ಬಂದರೆ ಇದೇ ನಂಬರಿಗೆ ಮಾಡಿ ಅನ್ನುತ್ತಾರೆ. ತಿರುಗಿ ಬರುವ ಪಾರ್ಸೆಲ್‌ಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಎಷ್ಟೋ ಸಲ ಆ ಫೋನಿನಲ್ಲೇ ಸೈಜು ತಪ್ಪು ಅಂತ ಗೊತ್ತಾಗುತ್ತಿತ್ತು.

ಸೈಜು ನಮ್ಮ ಧಂದೆಯ ದೊಡ್ಡ ತಲೆನೋವು. ಒಂದು ಕಂಪನಿಯ 8 ಇನ್ನೊಂದರ 9. ನಂಬರ್ ಕೇಳುವುದನ್ನು ಬಿಟ್ಟು ಕಾಲಿನ ಅಳತೆ ಕೇಳಲು ಶುರುಮಾಡಿದೆವು. ಬಿಳಿ ಹಾಳೆಯನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಿ. ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿ, ಕೂರಬೇಡಿ, ನಿಂತಾಗ ಪಾದ ಹರಡುತ್ತದೆ. ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ, ಅಲ್ಲಿಂದ ಗೋಡೆಗೆ ತಾಗಿದ ಹಾಳೆಯ ಅಂಚಿನವರೆಗೆ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಎರಡೂ ಕಾಲು ಅಳೆದು ದೊಡ್ಡದನ್ನು ತಿಳಿಸಿ. ಸಂಜೆ ಅಳೆದರೆ ಒಳ್ಳೆಯದು, ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ಸ್ಕೇಲ್ ಇಲ್ಲದವರು ಎ4 ಹಾಳೆಯ ಉದ್ದುದ್ದಕ್ಕೆ ಕಾಲಿಟ್ಟು ಫೋಟೋ ಕಳಿಸಿದರೂ ಸಾಕು, ಆ ಹಾಳೆಯ ಉದ್ದ 29.7 ಸೆಂಟಿಮೀಟರ್ ಅಂತ ಗೊತ್ತಿರುವುದರಿಂದ ನಾವೇ ಅಂದಾಜು ಮಾಡುತ್ತೇವೆ. ಹೀಗೆ ಹಾಳೆಯ ಫೋಟೋ ಕಳಿಸಿದವರು ಆರ್ಡರ್ ಬಿಟ್ಟು ಹೋಗುವುದು ಕಡಿಮೆ. ಇನ್ನೊಂದು ಕಡೆ ತಮ್ಮ ಕಾಲನ್ನೇ ನೋಡುತ್ತಿರುವ ಒಬ್ಬ ಮನುಷ್ಯರಿದ್ದಾರೆ ಅಂತ ಅವರಿಗೆ ಖಾತ್ರಿಯಾಗುತ್ತದೆ.

ಫೋಟೋಗಳೂ ಬದಲಾದವು. ಅಂಗಡಿಯಲ್ಲಿ ಜನ ಚಪ್ಪಲಿಯನ್ನು ಬರೀ ನೋಡುವುದಿಲ್ಲ. ಮಡಚುತ್ತಾರೆ, ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಉಂಗುಷ್ಟ ಹಿಡಿದು ಎಳೆಯುತ್ತಾರೆ, ತಿರುಗಿಸಿ ತಳ ನೋಡುತ್ತಾರೆ. ಇಷ್ಟನ್ನೂ ಒಂದು ಕೈ ಮಾಡುವ ಸಣ್ಣ ವಿಡಿಯೋ ತೆಗೆದು ಹಾಕಿದೆವು. ಸ್ಟುಡಿಯೋ ದೀಪ ಇಲ್ಲ, ಕಿಟಕಿಯ ಬೆಳಕು. ಹೊಲಿಗೆಯಲ್ಲಿ ಒಂದು ನೂಲು ಎದ್ದಿದ್ದರೆ ಅದೂ ಕಾಣುತ್ತದೆ. ಕೆಟ್ಟ ಅಭಿಪ್ರಾಯಗಳನ್ನೂ ಅಳಿಸುವುದಿಲ್ಲ, ಕೆಳಗೆ ಉತ್ತರ ಬರೆಯುತ್ತೇವೆ. ಜನ ಮೊದಲು ಓದುವುದು ಅವನ್ನೇ.

ಇನ್ನೊಂದು ಸಂಗತಿ. ಕೊಳ್ಳುವವರು, ಫೋನಿನ ಒಡೆಯರು, ದುಡ್ಡು ಕೊಡುವವರು ಒಬ್ಬರೇ ಆಗಿರಬೇಕಿಲ್ಲ. ಒಬ್ಬ ಹೆಣ್ಣುಮಗಳ ಪಕ್ಕದಲ್ಲಿ ಕೂತು ಆಕೆ ಆರ್ಡರ್ ಮಾಡುವುದನ್ನು ನೋಡಿದ್ದೆ. ಇಷ್ಟವಾದ ಜೊತೆ ಸಿಕ್ಕಿದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ತಮ್ಮನಿಗೆ ಕಳಿಸಿದಳು. ಅವನು ಸರಿ ಅಂದ ಮೇಲೆ ಮುಂದಕ್ಕೆ ಹೋದಳು. ಕೊನೇ ಪುಟದಲ್ಲಿ ಡೆಲಿವರಿ ಖರ್ಚು ಸೇರಿ ಬೇರೆ ಮೊತ್ತ ಬಂದಾಗ ಕೈ ನಿಂತಿತು. ತಮ್ಮನಿಗೆ ಹೇಳಿದ ಲೆಕ್ಕ ಅದಲ್ಲವಲ್ಲ. ಮತ್ತೆ ಕೇಳಲು ಮುಜುಗರ, ಅಲ್ಲಿಗೆ ಬಿಟ್ಟಳು. ಅಂದಿನಿಂದ ಎಲ್ಲ ಖರ್ಚೂ ಸೇರಿದ ಮೊತ್ತವೇ ಮೊದಲ ಪುಟದಲ್ಲಿ, ಚಿತ್ರದ ಕೆಳಗೇ ಇದೆ, ಸ್ಕ್ರೀನ್‌ಶಾಟ್‌ನಲ್ಲಿ ಬೀಳುವ ಜಾಗದಲ್ಲಿ. ಆ್ಯಪ್ ಬೇಡ ಅನ್ನುವವರು ಮೆಸೇಜಿನಲ್ಲೇ ಆರ್ಡರ್ ಕೊಡಬಹುದು. ಆಫ್ರಿಕಾದಲ್ಲಿ ಆನ್‌ಲೈನ್ ಮಾರಾಟ ಮಾಡುವ ಜುಮಿಯಾ ಕಂಪನಿ ಜೆ-ಫೋರ್ಸ್ ಅನ್ನುವ ಏಜೆಂಟರ ಮೂಲಕ ಬೇರೆಯವರ ಪರವಾಗಿ ಆರ್ಡರ್ ಹಾಕಿಸುವ ಏರ್ಪಾಡು ಮಾಡಿದ್ದು ಸುಮ್ನೆ ಅಲ್ಲ. ಪರಿಚಯದ ಒಬ್ಬರು ನಡುವೆ ನಿಂತರೆ ಅರ್ಧ ಹೆದರಿಕೆ ಹೋಗುತ್ತದೆ.

ವಿಳಾಸದ್ದು ಬೇರೆಯೇ ಕಥೆ. ಎಷ್ಟೋ ಕಡೆ ಮನೆ ನಂಬರೂ ಇಲ್ಲ, ರಸ್ತೆಗೆ ಹೆಸರೂ ಇಲ್ಲ. ಮಂಗೋಲಿಯಾದ ಅಂಚೆ ಇಲಾಖೆ 2016ರಲ್ಲಿ, ಪ್ರತಿ ಜಾಗಕ್ಕೂ ಮೂರು ಪದ ಕೊಡುವ ವಾಟ್‌ತ್ರೀವರ್ಡ್ಸ್ ಪದ್ಧತಿಯನ್ನು ಬಳಸಲು ತೊಡಗಿತು. ನಾವು ಹಿಡಿದದ್ದು ಇನ್ನೂ ಸರಳ ದಾರಿ. ಅಡ್ರೆಸ್ ಪೆಟ್ಟಿಗೆಯ ಕೆಳಗೆ, ಮುಖ್ಯ ರಸ್ತೆಯಿಂದ ನಿಮ್ಮ ಮನೆಗೆ ಬರುವ ದಾರಿಯನ್ನು ಮಾತಾಡಿ ಕಳಿಸಿ ಅಂತ ಒಂದು ಗುಂಡಿ. ಡೆಲಿವರಿಯವರು ಅದನ್ನು ಕೇಳುತ್ತಾ ಬರುತ್ತಾರೆ. ಬರೆಯಲು ಹಿಂಜರಿಯುವವರೂ ದಾರಿ ಹೇಳುವುದರಲ್ಲಿ ಗಟ್ಟಿಗರು.

ಮೊದಲೇ ದುಡ್ಡು ಕಟ್ಟುವವರನ್ನು ಓಡಿಸುವ ಒಂದು ಗಳಿಗೆ ಇದೆ: ದುಡ್ಡು ಕಟ್ ಆಯಿತು, ಆರ್ಡರ್ ಆಗಲಿಲ್ಲ. ನೆಟ್‌ವರ್ಕ್ ನಡುವೆ ಕೈಕೊಟ್ಟಾಗ ಹೀಗಾಗುತ್ತದೆ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2019ರಲ್ಲಿ ಇಂಥ ಹಣ ತಾನಾಗಿ ವಾಪಸ್ ಆಗಲು ಗಡುವು ಹಾಕಿತು, ತಡವಾದರೆ ಪರಿಹಾರವನ್ನೂ ಗೊತ್ತುಮಾಡಿತು. ಆದರೆ ಆ ಗಳಿಗೆಯಲ್ಲಿ ಗಿರಾಕಿಗೆ ನಿಯಮ ನೆನಪಾಗುವುದಿಲ್ಲ, ಮೋಸ ಹೋದೆ ಅಂತ ಅನ್ನಿಸುತ್ತದೆ. ಪೇಮೆಂಟ್ ಅರ್ಧಕ್ಕೆ ನಿಂತದ್ದು ಗೊತ್ತಾದ ಕೂಡಲೇ ನಮ್ಮಿಂದ ಒಂದು ಮೆಸೇಜ್ ಹೋಗುತ್ತದೆ: ನಿಮ್ಮ ದುಡ್ಡು ಎಲ್ಲಿದೆ ಅಂತ ನಾವು ನೋಡುತ್ತಿದ್ದೇವೆ, ನಿಮ್ಮ ಸೈಜನ್ನು ತೆಗೆದಿಟ್ಟಿದ್ದೇವೆ, ಮತ್ತೆ ಕಟ್ಟಬೇಡಿ. ಒಟಿಪಿ ಆಗಲಿ ಪಿನ್ ಆಗಲಿ ನಾವು ಯಾವತ್ತೂ ಕೇಳುವುದಿಲ್ಲ ಅಂತಲೂ ಅದರಲ್ಲೇ ಇರುತ್ತದೆ. ಕೊರಿಯರ್‌ನವರ ಹೆಸರಿನಲ್ಲಿ ಫೋನ್ ಮಾಡಿ ಒಟಿಪಿ ಕಸಿಯುವ ಕಳ್ಳರು ಇರುವಾಗ ಜನ ಹೆದರುವುದು ಸರಿಯೇ. ಆ ಹೆದರಿಕೆಯನ್ನು ಗೌರವಿಸಬೇಕು.

ಕೊನೆಯದಾಗಿ ಬಾಗಿಲಲ್ಲಿ ಬಿಚ್ಚಿ ನೋಡುವ ವಿಷಯ. ನೋಡಿ, ಹಾಕಿ ನಡೆದು, ಆಮೇಲೆ ದುಡ್ಡು ಕೊಡಿ ಅಂತ ಹೇಳುವುದು ಸುಲಭ. ಆದರೆ ಡೆಲಿವರಿ ಹುಡುಗರಿಗೆ ಸಂಬಳ ಪಾರ್ಸೆಲ್ ಲೆಕ್ಕದಲ್ಲಿ. ಒಂದೊಂದು ಮನೆಯಲ್ಲೂ ಕಾದರೆ ಅವರ ದಿನದ ದುಡಿಮೆ ಕಡಿಮೆಯಾಗುತ್ತದೆ. ಅದಕ್ಕೇ ಅವಸರ ಮಾಡುತ್ತಾರೆ, ಗಿರಾಕಿಗೆ ಅದು ಒರಟುತನವಾಗಿ ಕಾಣುತ್ತದೆ. ಕಾಯುವುದಕ್ಕೆ ಬೇರೆ ದುಡ್ಡು ಸೇರಿಸಿ ಕೊಟ್ಟ ಮೇಲೆ ಅವರೇ "ಹಾಕಿ ನೋಡಿ ಅಕ್ಕಾ, ನಡೆದು ನೋಡಿ" ಅನ್ನುತ್ತಾರೆ. ಈಗ ಉಳಿದಿರುವ ತೊಂದರೆ ಡಬ್ಬಿಯದ್ದು. ಟೇಪ್ ಕಿತ್ತರೆ ರಟ್ಟು ಹರಿಯುತ್ತದೆ, ಬೇಡ ಅಂದ ಜೊತೆಯನ್ನು ಅದರಲ್ಲೇ ಇನ್ನೊಬ್ಬರಿಗೆ ಕಳಿಸಲಾಗುವುದಿಲ್ಲ. ಹರಿದ ಡಬ್ಬಿ ನೋಡಿದ ಗಿರಾಕಿ ಯಾರೋ ಬಳಸಿದ್ದು ಅಂತ ಅನುಮಾನಪಡುತ್ತಾರೆ, ಅದೂ ಸಹಜವೇ. ಮುಂದಿನ ಸರಕಿಗೆ ಟೇಪ್ ಇಲ್ಲದೆ ಮುಚ್ಚಳ ಸಿಕ್ಕಿಸುವ ಡಬ್ಬಿ ಮಾಡಿಸುತ್ತಿದ್ದೇವೆ.