ಜಂಪರ್ ಹೊಲಿಯೋ ಕೈಗೆ ರಾತ್ರಿ ಜೋಮು: ನನ್ನ ಅನುಭವ

ದಾವಣಗೆರೆ ಮಂಡಿಪೇಟೆ ಹತ್ರ ನಂದು ಟೈಲರಿಂಗ್ ಅಂಗಡಿ, ಜಂಪರ್ ಹೊಲಿಯೋದು, ಸೀರೆಗೆ ಫಾಲ್ ಹಚ್ಚೋದೇ ಜಾಸ್ತಿ. ಮದುವೆ ಸೀಸನ್ ಬಂತಂದ್ರೆ ಹಗಲೆಲ್ಲಾ ಕತ್ತರಿ, ರಾತ್ರಿ ಹುಕ್ಸು, ಹೆಮ್ಮಿಂಗು. ಅಂಥದ್ದೇ ಒಂದು ಸೀಸನ್‌ನಲ್ಲಿ ನಡುರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗೋದು ಶುರುವಾಯ್ತು, ಎದ್ದು ಕೈ ಕೊಡವಿದ್ರೆ ಕಮ್ಮಿ, ಮಲಗಿದ್ರೆ ಮತ್ತೆ ಅದೇ. ನಮ್ಮತ್ತೆ ವಾಯು ಅಂದ್ರು, ಪಕ್ಕದ ಅಂಗಡಿಯವರು ಕುತ್ತಿಗೆ ಎಲುಬು ಸವೆದೈತೆ ಅಂದ್ರು.

ಡಾಕ್ಟ್ರು ಮೊದ್ಲು ಕೇಳಿದ್ದು, ಕಿರುಬೆರಳೂ ಜೋಮು ಹಿಡಿಯುತ್ತಾ ಅಂತ. ಇಲ್ಲ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಲ್ಲಿ ಅರ್ಧ, ಅಷ್ಟೇ. ಎರಡೂ ಕೈ ಹಿಂಬದಿ ಒಂದಕ್ಕೊಂದು ಒತ್ತಿ ಬೆರಳು ಕೆಳಗೆ ಮಾಡಿ ಒಂದು ನಿಮಿಷ ಹಿಡೀರಿ ಅಂದ್ರು, ನಿಮಿಷ ಆಗೋದ್ರೊಳಗೆ ಜುಂ ಅಂತು. ಕಾರ್ಪಲ್ ಟನಲ್ ಅಂದ್ರು. ಮಣಿಕಟ್ಟಲ್ಲಿ ಕೆಳಗೆ ಎಲುಬು, ಮೇಲೊಂದು ಗಟ್ಟಿ ಪಟ್ಟಿ, ನಡುವಿನ ಸಂದಿಯಲ್ಲಿ ಬೆರಳು ಮಡಚೋ 9 ನಾರು, ಅವುಗಳ ಜೊತೆ ಈ ಜೋಮು ಹಿಡಿಯೋ ಬೆರಳುಗಳಿಗೆ ಹೋಗೋ ಮೀಡಿಯನ್ ನರ. ಸಂದಿ ಬಿಗಿಯಾದ್ರೆ ನರ ಅಮುಕುತ್ತೆ, ನಿದ್ದೆಯಲ್ಲಿ ಕೈ ಮಡಚಿ ಮಲಗ್ತೀವಲ್ಲ, ಅದಕ್ಕೇ ರಾತ್ರಿ ಜಾಸ್ತಿ. ಕಿರುಬೆರಳಿನ ನರ ಬೇರೆ ದಾರಿಲಿ ಹೋಗುತ್ತೆ.

ನನಗೆ ಉಪಯೋಗ ಆಗಿದ್ದು ರಾತ್ರಿ ಕಟ್ಟೋ ಸ್ಪ್ಲಿಂಟು, ಅಂದ್ರೆ ಮಣಿಕಟ್ಟು ಮಡಚದಂಗೆ ಹಿಡಿಯೋ ಕಟ್ಟು. ಒಂದು ಮಾತು ಗಮನಿಸ್ರಿ, ಸುಮಾರು ಸ್ಪ್ಲಿಂಟಲ್ಲಿ ಒಳಗಿನ ಪಟ್ಟಿ ಮೇಲಕ್ಕೆ ಬಾಗಿರುತ್ತೆ, ನಮಗೆ ಬೇಕಾಗಿರೋದು ಮಣಿಕಟ್ಟು ನೆಟ್ಟಗಿರೋದು, ನಾನು ಡಾಕ್ಟ್ರ ಹತ್ರಾನೇ ಪಟ್ಟಿ ತೆಗೆಸಿ ನೆಟ್ಟಗೆ ಮಾಡಿಸ್ಕೊಂಡೆ. ಬಿಗಿಯಾಗಿ ಕಟ್ಟಬಾರದು. ಒಂದೆರಡು ರಾತ್ರಿಗೆ ಗೊತ್ತಾಗಲ್ಲ, ಕೆಲವು ವಾರ ಬಿಡದೆ ಕಟ್ಟಬೇಕು, ನಿದ್ದೆ ಪೂರ್ತಿ ಬರೋಕೆ ಶುರುವಾದಾಗ ಎಷ್ಟು ಹಗುರ ಅನ್ನಿಸ್ತು ಅಂದ್ರೆ ಹೇಳೋಕಾಗಲ್ಲ.

ಅಂಗಡೀಲೂ ಬದಲಾಯಿಸಿದೆ. ಕತ್ತರಿ ಸಾಣೆ ಹಿಡಿಸಿ, ತಿರುಪಿಗೆ ಎಣ್ಣೆ ಬಿಟ್ಟೆ, ಕೆಳಗಿನ ಅಲಗು ಟೇಬಲ್ ಮೇಲೆ ಕೂತಿರೋ ಹಂಗೇ ಕತ್ತರಿಸ್ತೀನಿ, ಒಂದ್ರ ಮೇಲೊಂದು ನಾಕು ಪದರ ಇಡಲ್ಲ. ಹುಕ್ಸ್ ಹಚ್ಚೋದು ಒಂದೇ ಸಲ ರಾಶಿ ಹಾಕ್ಕೊಂಡು ಕೂರಲ್ಲ, ನಡುನಡುವೆ ಇಸ್ತ್ರಿ ಕೆಲಸ.

ಶುಗರ್, ಥೈರಾಯ್ಡ್ ಒಮ್ಮೆ ನೋಡಿಸ್ರಿ, ಅದ್ರಿಂದಲೂ ಬರುತ್ತೆ, ಬಸುರಿಯರಿಗೂ ಬರುತ್ತೆ, ಅವರಿಗೆ ಹೆರಿಗೆ ಆದ್ಮೇಲೆ ಹೆಚ್ಚಾಗಿ ಕಮ್ಮಿ ಆಗುತ್ತೆ. ಆದ್ರೆ ಹಗಲೆಲ್ಲಾ ಜೋಮು, ಸೂಜಿ ಜಾರಿ ಬೀಳೋದು, ಹೆಬ್ಬೆರಳ ಬುಡದ ಮಾಂಸ ಇಳಿಯೋದು ಕಂಡ್ರೆ ಸ್ಪ್ಲಿಂಟ್ ನಂಬಿ ಕೂರಬೇಡ್ರಿ, ನರ್ವ್ ಟೆಸ್ಟ್ ಮಾಡಿಸ್ರಿ, ಆಪರೇಷನ್‌ನಲ್ಲಿ ಮಣಿಕಟ್ಟಿನೊಳಗಿನ ಆ ಗಟ್ಟಿ ಪಟ್ಟಿ ಕತ್ತರಿಸಿ ಬಿಡಿಸ್ತಾರೆ, ತಡ ಆದಷ್ಟೂ ಹೋದ ಶಕ್ತಿ ವಾಪಸ್ ಬರೋದು ಕಷ್ಟ.