ಖಾಲಿ ಚೆಕ್ಕು, ಅಣ್ಣನ ಜಾಮೀನು, ನನ್ನ ಬಳೆ

ಯಜಮಾನರ ಬೈಪಾಸ್ ಆಪರೇಷನ್ ಮುಗಿಸಿ ಹಾಸನಕ್ಕೆ ಕರೆದುಕೊಂಡು ಬಂದಾಗ ನನ್ನ ಹೆಸರಲ್ಲಿ 5,80,000 ರೂಪಾಯಿ ಸಾಲವಿತ್ತು. ಒಟ್ಟು ಖರ್ಚು 7,40,000. ಉಳಿತಾಯದಿಂದ ಕೊಟ್ಟದ್ದು 1,60,000 ಮಾತ್ರ. ನಾನು ಟೈಲರ್. ಅವರು ಗೂಡ್ಸ್ ಆಟೊ ಓಡಿಸುತ್ತಿದ್ದರು, ಇನ್ನು ಆರು ತಿಂಗಳು ಅದನ್ನು ಮುಟ್ಟುವ ಹಾಗಿರಲಿಲ್ಲ.

"ದಿವಾಳಿ ಅರ್ಜಿ ಹಾಕಿಬಿಡಮ್ಮ, ಯಾರೂ ಬಾಗಿಲಿಗೆ ಬರಲ್ಲ" ಅಂದರು ಪರಿಚಯದವರೊಬ್ಬರು. ನಿದ್ದೆಯಿಲ್ಲದ ಆ ದಿನಗಳಲ್ಲಿ ಅದೇ ಸರಿ ಅನ್ನಿಸಿತ್ತು. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಅಲ್ಲಿದ್ದ ವಕೀಲೆ ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ: "ಯಾರಿಗೆ ಎಷ್ಟು ಅನ್ನೋದು ಆಮೇಲೆ. ನಿಮ್ಮದು ಏನೇನು ಅವರ ಕೈಲಿದೆ, ಅದನ್ನ ಹೇಳಿ."

ಕೂತು ಬರೆದೆವು. ಪತ್ತಿನ ಸಹಕಾರ ಸಂಘದ 2,00,000ಕ್ಕೆ ಅಣ್ಣನ ಜಾಮೀನು. ಕೈಸಾಲ 1,20,000, ನೂರಕ್ಕೆ ತಿಂಗಳಿಗೆ ಮೂರು ಬಡ್ಡಿ, ಅವರ ಹತ್ತಿರ ನನ್ನ ಸಹಿ ಇರುವ ಖಾಲಿ ಚೆಕ್ಕು. ಬಳೆ, ಸರ ಗಿರವಿ ಇಟ್ಟು ತಂದದ್ದು 1,20,000. ಕ್ರೆಡಿಟ್ ಕಾರ್ಡಿನದು 1,40,000. ಅದರ ಹಿಂದೆ ಏನೂ ಇಲ್ಲ.

ನನ್ನಂಥವರು ದಿವಾಳಿಗೆ ಹೋಗಬೇಕಾದದ್ದು ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಜನರಿಗೆ ಸಂಬಂಧಿಸಿದ ಭಾಗ ಜಾರಿಗೇ ಬಂದಿಲ್ಲ. ಕೋರ್ಟು ನನ್ನ ಸಾಲ ಮನ್ನಾ ಮಾಡಿದರೂ ಜಾಮೀನು ಹಾಕಿದ ಅಣ್ಣನಿಗೆ ಬಿಡುಗಡೆಯಿಲ್ಲ. ಸಂಘ ಅವನನ್ನು ಹಿಡಿಯುತ್ತದೆ. ಚೆಕ್ ಬೌನ್ಸ್ ಕೇಸು ಬೇರೆಯೇ ದಾರಿ. ಗಿರವಿ ಒಡವೆ ಇಟ್ಟುಕೊಂಡವರದೇ. ಆಸ್ತಿಯೆಲ್ಲ ಕೋರ್ಟಿನ ವಶಕ್ಕೆ ಹೋಗುತ್ತದೆ; ಹೊಲಿಗೆ ಮಷಿನ್ ಉಳಿಯಬಹುದು, ನನ್ನ ಹೆಸರಲ್ಲಿದ್ದ ಆಟೊ ಉಳಿಯುವ ಭರವಸೆಯಿರಲಿಲ್ಲ. ಅಂದರೆ ಮುಖ್ಯವಾಗಿ ತೀರುತ್ತಿದ್ದದ್ದು ಕಾರ್ಡಿನ ಸಾಲ. ಅಷ್ಟಕ್ಕೆ ಅಣ್ಣನನ್ನು ಬೀದಿಗೆ ತರಲು ನನಗೆ ಮನಸ್ಸಾಗಲಿಲ್ಲ.

ಬಡ್ಡಿ ನೋಡಿದರೆ ಮೊದಲು ತೀರಿಸಬೇಕಾದದ್ದು ಕಾರ್ಡು: ತಿಂಗಳಿಗೆ 3.5, ವರ್ಷಕ್ಕೆ 42. ನಾನು ಮೊದಲು ಹಿಡಿದದ್ದು ಖಾಲಿ ಚೆಕ್ಕನ್ನು. ಅದು ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲೂ ಆಗಬಹುದು. ಒಡವೆ ಬಿಡಿಸಿ ಮಾರಿದೆ. ಅಮ್ಮ ಮದುವೆಗೆ ಮಾಡಿಸಿಕೊಟ್ಟ ಬಳೆ ಅವು; ಅಂಗಡಿಯವರು ತೂಕಕ್ಕೆ ಹಾಕಿದಾಗ ನೋಡಲಾಗಲಿಲ್ಲ. ಗಿರವಿ ಸಾಲ, ಬಡ್ಡಿ ಕಳೆದು 68,000 ಉಳಿಯಿತು. ಅದನ್ನು ಹಿಡಿದು, ಕೇಸು ಆಗುವ ಮೊದಲೇ, ರಾಜಿ ಮಾಡಿಸುವ ಲೋಕ ಅದಾಲತ್‌ಗೆ ಅರ್ಜಿ ಹಾಕಿದೆ. ಅಲ್ಲಿ ಕೋರ್ಟ್ ಶುಲ್ಕವಿಲ್ಲ. ಸಾಲ ಕೊಟ್ಟವರೂ ಬಂದರು. 68,000 ಆವತ್ತೇ, ಉಳಿದ 52,000ಕ್ಕೆ ತಿಂಗಳಿಗೆ 6,500ರಂತೆ ಎಂಟು ಕಂತು, ಮುಂದೆ ಬಡ್ಡಿಯಿಲ್ಲ, ಕೊನೇ ಕಂತಿಗೆ ಚೆಕ್ಕು ವಾಪಸ್. ಇದೆಲ್ಲ ಬರವಣಿಗೆಯಲ್ಲಿ ಆಯಿತು. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ.

ಸಂಘಕ್ಕೆ ಒಂದು ಕಂತೂ ತಪ್ಪುವ ಮೊದಲೇ ಹೋಗಿದ್ದೆ. ಅದರಿಂದಲೇ ಆಡಳಿತ ಮಂಡಳಿ ಒಪ್ಪಿತು ಅಂತ ನನ್ನ ನಂಬಿಕೆ. ಅವಧಿ ಐದು ವರ್ಷವಾಗಿ ಕಂತು 6,640ರಿಂದ 4,450ಕ್ಕೆ ಇಳಿಯಿತು.

ಕಾರ್ಡಿನವರ ಏಜೆಂಟ್ "ಅರ್ಧ ಕಟ್ಟಿ ಮುಗಿಸಿ" ಅಂದ. ಆಸೆಯಾಯಿತು. ಆದರೆ ಹಾಗೆ ಮುಗಿಸಿದರೆ ನಮ್ಮ ಸಾಲದ ಚರಿತ್ರೆ ದಾಖಲಿಸುವ ಸಿಬಿಲ್‌ನಲ್ಲಿ ಪೂರ್ತಿ ತೀರಿಸಿದಂತೆ ಕಾಣದೆ 'ಸೆಟಲ್ಡ್' ಅಂತ ಬೀಳುತ್ತದೆ, ಮುಂದೆ ಸಾಲ ಹುಟ್ಟುವುದು ಕಷ್ಟ. ಬ್ಯಾಂಕಿಗೆ ಬರೆದು ಬಾಕಿಯನ್ನು 16% ಬಡ್ಡಿಗೆ 24 ಕಂತು ಮಾಡಿಸಿಕೊಂಡೆ, ತಿಂಗಳಿಗೆ 6,855. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ ಏಜೆಂಟನಿಗೆ, ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ ಹೇಳಿದೆ. ಮತ್ತೆ ಆ ಹೊತ್ತಿಗೆ ಫೋನ್ ಬರಲಿಲ್ಲ.

ಆಟೊ ಮಾರದೆ ದಿನಕ್ಕೆ 350ರಂತೆ ಬಾಡಿಗೆಗೆ ಬಿಟ್ಟೆ. ಆಸ್ಪತ್ರೆಯಿಂದ ವಿವರವಾದ ಬಿಲ್ಲು ಕೇಳಿ ತರಿಸಿದಾಗ ಒಂದೇ ಸಾಮಾನಿಗೆ ಎರಡು ಸಲ ಹಾಕಿದ್ದು ಸಿಕ್ಕಿತು. 18,400 ವಾಪಸ್ ಬಂತು. ಡಿಸ್ಚಾರ್ಜ್ ದಿನವೇ ಕೇಳಬೇಕಿತ್ತು.

ಮರುವರ್ಷ ಅವರಿಗೆ ಮತ್ತೆ ಸ್ಟೆಂಟ್ ಬೇಕಾಯಿತು. ಈ ಸಲ ಮೊದಲು ಹೋದದ್ದು ಜಿಲ್ಲಾಸ್ಪತ್ರೆಗೆ, ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ರೆಫರಲ್ ಚೀಟಿಗೆ. ನಮ್ಮದು ಎಪಿಎಲ್ ಕಾರ್ಡು, ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು. ಬಿಪಿಎಲ್ ಕುಟುಂಬಕ್ಕಾದರೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ.

ಎಂಟನೇ ಕಂತಿನ ದಿನ ಚೆಕ್ಕು ಕೈಗೆ ಬಂತು. ಹರಿದು ಒಲೆಗೆ ಹಾಕಿದೆ. ಸಂಘದ್ದು ಇನ್ನೂ ಎರಡು ವರ್ಷ ಇದೆ. ಅಣ್ಣನಿಗೆ ಇವತ್ತಿನವರೆಗೆ ಒಂದು ನೋಟಿಸೂ ಹೋಗಿಲ್ಲ.